ಚಳಿಗಲ್ಲ, ನೀರಿಗೆ ಅಂಜುವ ಅನಿಮೋನಿ

ಅನಿಮೋನಿ ಕುಲದಲ್ಲಿ ಕಲ್ಲುತೋಟಕ್ಕೆ ಹೇಳಿ ಮಾಡಿಸಿದಂಥವು ಎತ್ತರದ ಪರ್ವತಗಳ ಕುಳ್ಳ ಜಾತಿಗಳು. ಮರಗಳು ಬೆಳೆಯಲಾರದ ಎತ್ತರದ ಹುಲ್ಲುಗಾವಲು, ಕಲ್ಲುರಾಶಿಗಳು ಇವುಗಳ ತವರು. ಗಿಡ ಗೇಣುದ್ದ ಮೀರುವುದು ಅಪರೂಪ. ಹೂವು ಮಾತ್ರ ಗಿಡದ ಅಳತೆಗೆ ದೊಡ್ಡದು. ದಳಗಳಂತೆ ಕಾಣುವವು ವಾಸ್ತವವಾಗಿ ಬಣ್ಣ ತಳೆದ ಪುಷ್ಪಪತ್ರಗಳು.

ಬಿಳಿ ಹೂವಿನ ಅನಿಮೋನಿ ಬಾಲ್ಡೆನ್ಸಿಸ್‌ಗೆ ಇಟಲಿಯ ಗಾರ್ಡಾ ಸರೋವರದ ಪಕ್ಕದ ಮೊಂಟೆ ಬಾಲ್ಡೊ ಪರ್ವತದಿಂದ ಹೆಸರು ಬಂದಿದೆ. ಇದರ ಹತ್ತಿರದ ನೆಂಟ ಪಲ್ಸಟಿಲ್ಲ ವರ್ನಾಲಿಸ್‌ನ ಮೊಗ್ಗನ್ನು ಹೊಂಬಣ್ಣದ ರೋಮ ಮುಚ್ಚಿರುತ್ತದೆ. ಅರಳಿದಾಗ ಒಳಗೆ ಬಿಳಿ, ಹೊರಗೆ ತಿಳಿನೇರಳೆ. ಆದರೂ ಮೊದಲ ಸ್ಥಾನ ಸಲ್ಲಬೇಕಾದದ್ದು ಹಿಮಾಲಯದ ಅನಿಮೋನಿ ಅಬ್ಟ್ಯೂಸಿಲೋಬಕ್ಕೆ. ಹಿಮ ಕರಗಿದ ಬೆನ್ನಿಗೇ ಹಿಮಾಚಲ, ಉತ್ತರಾಖಂಡದ ಮೇಲ್ಗಾವಲುಗಳಲ್ಲಿ ಇದು ಚಾರಣಿಗರ ಕಾಲಬುಡದಲ್ಲೇ ಅರಳಿರುತ್ತದೆ. ಬಿಳಿ, ಹಳದಿ ಬಣ್ಣಗಳಲ್ಲೂ ಸಿಗುವ ಈ ಹೂವಿನ ಗಾಢ ನೀಲಿಗೆ ಸಾಟಿಯಾಗುವ ನೀಲಿ ಕಲ್ಲುತೋಟದಲ್ಲಿ ಕಡಿಮೆ. ನೀಲಗಿರಿಯಲ್ಲೂ ಅನಿಮೋನಿ ರಿವುಲ್ಯಾರಿಸ್ ಇದೆ. ಆದರೆ ನೆಟ್ಟಗೆ ಬೆಳೆದು ಕವಲೊಡೆಯುವ ಅದು ಈ ಕುಳ್ಳರ ಸಾಲಿಗೆ ಸೇರದು.

ಪರ್ವತದ ಗಿಡವನ್ನು ತಗ್ಗಿಗೆ ತಂದರೆ ಅದನ್ನು ಕೊಲ್ಲುವುದು ಹೆಚ್ಚಾಗಿ ಚಳಿಗಾಲದ ತೇವ. ತವರಿನಲ್ಲಿ ತಿಂಗಳುಗಟ್ಟಲೆ ಹಿಮ ಹೊದ್ದು ಮಲಗುವ ಗಿಡಕ್ಕೆ ಆಗ ನೀರಿನ ಕಾಟವಿಲ್ಲ, ಕೊರೆಯುವ ಗಾಳಿಯೂ ತಾಗುವುದಿಲ್ಲ. ಇಂಗ್ಲೆಂಡಿನ ತಗ್ಗು ಪ್ರದೇಶದಲ್ಲಾದರೋ ಅದೇ ಕಾಲಕ್ಕೆ ಮಳೆ ಸುರಿಯುತ್ತದೆ. ಬೇರು-ಕಾಂಡ ಕೂಡುವ ಕುತ್ತಿಗೆಯ ಸುತ್ತ ನೀರು ನಿಂತು ಬುಡ ಕೊಳೆಯುತ್ತದೆ. ಕಲ್ಲುತೋಟದ ಕಟ್ಟೋಣವೆಲ್ಲ ಇದಕ್ಕೆ ಕಂಡುಕೊಂಡ ಉಪಾಯ. 1907ರ ‘ಮೈ ರಾಕ್ ಗಾರ್ಡನ್’, 1919ರ ‘ದಿ ಇಂಗ್ಲಿಷ್ ರಾಕ್ ಗಾರ್ಡನ್’ ಕೃತಿಗಳ ಲೇಖಕ ರೆಜಿನಾಲ್ಡ್ ಫ್ಯಾರರ್, ಮಣ್ಣಗುಡ್ಡೆಯ ಮೇಲೆ ಮನಬಂದಂತೆ ಕಲ್ಲು ಚುಚ್ಚುವ ಪದ್ಧತಿಯನ್ನು ಕಟುವಾಗಿ ಟೀಕಿಸಿದ್ದು ಸರಿಯೇ ಆಗಿತ್ತು. ಕಲ್ಲಿನ ಹೆಚ್ಚು ಪಾಲು ಮಣ್ಣೊಳಗಿರಬೇಕು, ಮೇಲ್ಮೈ ತುಸು ಹಿಂದಕ್ಕೆ ಬಾಗಿರಬೇಕು. ಆಗ ಮಳೆನೀರು ಬೇರಿನ ಕಡೆಗೆ ಇಳಿಯುತ್ತದೆ; ಬೇಸಿಗೆಯಲ್ಲಿ ಕಲ್ಲಿನಡಿಯ ಮಣ್ಣು ತಂಪಾಗಿಯೂ ಇರುತ್ತದೆ.

ಪಾತಿಯ ತಳಕ್ಕೆ ಕಲ್ಲುಚೂರು ತುಂಬಬೇಕು. ಅದರ ಮೇಲೆ ತೋಟದ ಮಣ್ಣು, ಎಲೆಗೊಬ್ಬರ, ಸಣ್ಣ ಜಲ್ಲಿ ಸಮಪಾಲು ಬೆರೆಸಿ ಹಾಕಿದರೆ ಸಾಕು. ಬಾಲ್ಡೆನ್ಸಿಸ್‌ಗೆ ಜಲ್ಲಿ ಇನ್ನೂ ಹೆಚ್ಚಿರಲಿ. ವರ್ನಾಲಿಸ್ ಬಯಸುವುದು ಸುಣ್ಣದ ಅಂಶವಿಲ್ಲದ ಮಣ್ಣು, ತುಂಬು ಬಿಸಿಲು. ಅಬ್ಟ್ಯೂಸಿಲೋಬ ಬೆಳೆಯುವ ಕಾಲದಲ್ಲಿ ಒಣಗುವುದನ್ನು ಸಹಿಸದು. ಮಧ್ಯಾಹ್ನದ ಉರಿಬಿಸಿಲು ತಾಗದ ಇಳಿಜಾರು ಅದಕ್ಕೆ ಒಗ್ಗುತ್ತದೆ. ನೆಟ್ಟ ಮೇಲೆ ಕುತ್ತಿಗೆಯ ಸುತ್ತ ಎರಡು-ಮೂರು ಸೆಂಟಿಮೀಟರ್ ದಪ್ಪಕ್ಕೆ ಜಲ್ಲಿ ಹರಡುವುದನ್ನು ಮರೆಯಬಾರದು. ಮಳೆ ಬಿಡದ ಚಳಿಗಾಲದಲ್ಲಿ ಗಿಡದ ಮೇಲೊಂದು ಗಾಜಿನ ಹಲಗೆಯನ್ನು ಓರೆಯಾಗಿ ನಿಲ್ಲಿಸುವುದುಂಟು. ಪಕ್ಕಗಳು ತೆರೆದಿದ್ದು ಗಾಳಿಯಾಡಬೇಕು.

ಬೀಜವನ್ನು ಮಾಗಿದ ಕೂಡಲೇ ಬಿತ್ತುವುದೇ ಲೇಸು. ಕೂಡಿಟ್ಟಷ್ಟೂ ಮೊಳೆಯುವ ಶಕ್ತಿ ಕುಂದುತ್ತದೆ. ಬಿತ್ತಿದ ಕುಂಡ ಚಳಿಗಾಲವಿಡೀ ಹೊರಗೇ ಇದ್ದರೆ ವಸಂತದಲ್ಲಿ ಮೊಳಕೆ ಕಾಣುತ್ತದೆ, ಹೂವಿಗೆ ಮತ್ತೆರಡು ಮೂರು ವರ್ಷ ಕಾಯಬೇಕು. ಬೇರು ಕದಲಿದರೆ ಮುನಿಯುವ ಗಿಡಗಳಾದ್ದರಿಂದ ಸಸಿಗಳನ್ನು ಎಳೆಯದಾಗಿರುವಾಗಲೇ ಕಾಯಂ ಜಾಗಕ್ಕೆ ಸೇರಿಸಬೇಕು. ಸಿಂಬಳದ ಹುಳುಗಳಿಗೆ ಎಳೆ ಚಿಗುರೆಂದರೆ ಬಲು ಇಷ್ಟ. ಹಸಿ ಗಿಡದ ರಸ ಚರ್ಮಕ್ಕೆ ಉರಿ ತರಬಲ್ಲದು. ಹಾಗಾಗಿ ಕೈಗವಸು ಇರಲಿ.

ಅಬ್ಟ್ಯೂಸಿಲೋಬದ ಬೀಜದ ಸಸಿಗಳೆಲ್ಲ ತಾಯಿಗಿಡದ ನೀಲಿಯನ್ನೇ ತರುತ್ತವೆಂಬ ಭರವಸೆಯಿಲ್ಲ. ಒಳ್ಳೆಯ ನೀಲಿ ಸಿಕ್ಕಿದರೆ ಹೂವಿರುವಾಗಲೇ ಗುರುತು ಮಾಡಿಟ್ಟು, ಬುಡ ತುಂಬಿಕೊಂಡ ಮೇಲೆ ವಸಂತದ ಆರಂಭದಲ್ಲಿ ಬೇರು ಸಹಿತ ಹುಷಾರಾಗಿ ಬಿಡಿಸಿ ನೆಡಬೇಕು. ಹೊಸ ಬೇರು ಹಿಡಿಯುವವರೆಗೆ ನೆರಳು ಬೇಕು.