ಕೈಮರೆಯ ಬೆಳಕು: ಹಲ್ದಣಕರರ ಚಿತ್ರವೊಂದರಲ್ಲಿ ಭಾವ ಮತ್ತು ತಂತ್ರ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ ‘ಗ್ಲೋ ಆಫ್ ಹೋಪ್’ ಕನ್ನಡ ನಾಡಿನ ಜನಸಾಮಾನ್ಯರಿಗೆ ಅತ್ಯಂತ ಪರಿಚಿತವಾದ ಕಲಾಕೃತಿಗಳಲ್ಲೊಂದು. ದೀಪ ಹಿಡಿದ ಈ ಒಂಟಿ ಹೆಣ್ಣಿನ ಚಿತ್ರವನ್ನು ರಾಜಾ ರವಿವರ್ಮನದೆಂದು ಹೇಳುವ ರೂಢಿ ಬಹುಕಾಲದಿಂದಲೂ ಇದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಚಿತ್ರ ರಚನೆಯಾದದ್ದು 1945-46ರಲ್ಲಿ. ಸಾವಂತವಾಡಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಎಸ್.ಎಲ್. ಹಲ್ದಣಕರ್ (1882-1968) ಇದರ ಕರ್ತೃ. ರೂಪದರ್ಶಿ ಅವರ ಮಗಳು ಗೀತಾ.

ಕರ್ತೃವಿಲ್ಲದ ತ್ರಿಪದಿಯನ್ನು ಸರ್ವಜ್ಞನ ಹೆಸರಿಗೆ ಸೇರಿಸುವುದು ಜನಪದರ ಸಹಜ ರೂಢಿ. ಅದರಿಂದ ತ್ರಿಪದಿಯ ಓದಿಗೆ ಹೆಚ್ಚಿನ ಬಾಧೆಯಿಲ್ಲ. ಆದರೆ ಇಲ್ಲಿ ಹೆಸರಿನೊಡನೆ ಮಾಧ್ಯಮವೂ ಮರೆಯಾಗುತ್ತದೆ. ರವಿವರ್ಮನೆಂದೊಡನೆ ನೋಡುಗನು ತೈಲವರ್ಣವನ್ನು ನಿರೀಕ್ಷಿಸುತ್ತಾನೆ. ಇದು ಕಾಗದದ ಮೇಲಿನ ಜಲವರ್ಣ.

ಈ ವ್ಯತ್ಯಾಸ ಗೌಣವಾದುದಲ್ಲ. ತೈಲದಲ್ಲಿ ಕತ್ತಲೆಯ ಮೇಲೆ ಬೆಳಕನ್ನು ಲೇಪಿಸಬಹುದು. ತಪ್ಪಿದರೆ ಮುಚ್ಚಿ ಮತ್ತೆ ಬರೆಯಬಹುದು. ಪಾರದರ್ಶಕ ಜಲವರ್ಣದಲ್ಲಿ ಬೆಳಕೆಂದರೆ ತೆಳುಬಣ್ಣದಡಿಯಿಂದ ಹೊಳೆಯುವ ಕಾಗದದ ಬಿಳುಪೇ. ಅದನ್ನು ಮೊದಲಿನಿಂದಲೂ ಉಳಿಸಿಕೊಂಡು, ಸುತ್ತಲೂ ಕತ್ತಲೆಯನ್ನು ಪದರಪದರವಾಗಿ ಏರಿಸಬೇಕು. ಒಮ್ಮೆ ಮಲಿನವಾದ ಬಿಳುಪು ಮೊದಲಿನಂತೆ ಮರಳಿ ದೊರೆಯದು.

ಚಿತ್ರದ ಹೆಣ್ಣು ಮಾಡುತ್ತಿರುವುದೂ ಇದನ್ನೇ. ಒಂದು ಕೈಯಲ್ಲಿ ದೀಪ. ಇನ್ನೊಂದು ಕೈ ಅದಕ್ಕೆ ಮರೆ. ಬೆಳಕು ಬೆರಳುಗಳೊಳಗೆ ಹಾಯ್ದು ಕೆಂಪಾಗಿ, ಮುಖದ ಮೇಲೆ ಹೊಂಬಣ್ಣವಾಗಿ ಹರಡುತ್ತದೆ. ಬೆನ್ನ ಹಿಂದೆ ನೆರಳು ನಿಲ್ಲುತ್ತದೆ. ಚಿತ್ರದಲ್ಲಿ ಹೊಸ್ತಿಲಾಗಲಿ, ದೇವರ ಗೂಡಾಗಲಿ, ಬರಬೇಕಾದವರ ಸುಳಿವಾಗಲಿ ಇಲ್ಲ. ಆದುದರಿಂದ ಇದನ್ನು ವಿರಹವೆಂದು ಓದಲು ಆಧಾರ ಸಾಲದು. ಇಂಗ್ಲಿಷ್ ಶೀರ್ಷಿಕೆ ಸೂಚಿಸುವ ‘ಭರವಸೆ’ಯೂ ಹೊರಗಿನಿಂದ ಆರೋಪಿಸಿದ ಅರ್ಥದಂತೆ ತೋರುತ್ತದೆ.

ದೀಪವನ್ನು ‘ಆರಿಸು’ ಎನ್ನಲು ಅಂಜಿ ‘ದೊಡ್ಡದು ಮಾಡು’ ಎನ್ನುವ ಮನೆಮಾತು ಕನ್ನಡದಲ್ಲಿದೆ. ಮುಸ್ಸಂಜೆಯಲ್ಲಿ ಗಾಳಿಗೆ ಅಂಗೈಯೊಡ್ಡಿ ದೀಪ ಒಯ್ಯುವ ನಡೆಯಲ್ಲಿರುವುದೂ ಅದೇ ಅಂಜಿಕೆ, ಅದೇ ಅಕ್ಕರೆ. ಈ ಚಿತ್ರದ ಸ್ಥಾಯಿಯನ್ನು ‘ಜೋಪಾನ’ ಎಂದು ಕರೆಯುವುದು ಹೆಚ್ಚು ಉಚಿತ. ಆಕೆಯ ಏಕಾಂತ ಯಾರೋ ಇಲ್ಲದ್ದರಿಂದ ಉಂಟಾದುದಲ್ಲ, ಗಮನವೆಲ್ಲ ಕೈಯಲ್ಲಿ ನೆಲೆಸಿದ್ದರಿಂದ ಉಂಟಾದುದು.

ಚಿತ್ರಗಾರ ಕಾಗದದ ಬಿಳುಪನ್ನು ಕಾಯ್ದಂತೆ ಹೆಣ್ಣು ಕುಡಿಯನ್ನು ಕಾಯುತ್ತಾಳೆ. ಭಾವ ಮತ್ತು ತಂತ್ರ ಒಂದಾಗಿರುವ ಈ ನೆಲೆ ಕಾಣಬೇಕಾದರೆ ಮಾಧ್ಯಮವನ್ನು ಸರಿಯಾಗಿ ಗುರುತಿಸಬೇಕು. ಹಲ್ದಣಕರರ ಹೆಸರನ್ನು ಚಿತ್ರಕ್ಕೆ ಮರಳಿಸುವುದು ಆ ಕಾರಣಕ್ಕಾಗಿ ವಿಮರ್ಶೆಯ ಮೊದಲ ಕೆಲಸವಾಗುತ್ತದೆ.