ನನ್ನ ಕಾಯಕ ಯಾವುದು? : ‘ವಚನಶಾಸ್ತ್ರಸಾರ’ವನ್ನು ಕುರಿತು ಒಂದು ವಿಮರ್ಶೆ

ಉದರನಿರ್ವಾಹಕ್ಕಾಗಿ ಮನುಷ್ಯನು ದುಡಿಯುತ್ತಾನೆ. ಆದರೆ ಉದರ ತುಂಬಿದ ಮೇಲೆಯೂ ಅವನಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ: ನಾನು ಮಾಡುತ್ತಿರುವ ಈ ಕೆಲಸವು ನಿಜವಾಗಿ ನನ್ನದೇ? ವಿಜಯಪುರ ನಗರದ ಜೋರಾಪುರ ಪೇಟೆಯಂತಹ ಹಳೆಯ ಪೇಟೆಗಳ ಮನೆಗಳಲ್ಲಿ ಈ ಪ್ರಶ್ನೆಯು ಇಂದು ಸ್ಪಷ್ಟವಾದ ರೂಪದಲ್ಲಿಯೇ ಎದುರಾಗುತ್ತದೆ. ಪದವಿ ಪಡೆದ ಮಗನಾಗಲಿ ಮಗಳಾಗಲಿ ಮನೆತನದ ಉದ್ಯೋಗವನ್ನು ಮುಂದುವರಿಸಬೇಕೋ, ಬೆಂಗಳೂರು ಪುಣೆಗಳ ದಾರಿ ಹಿಡಿಯಬೇಕೋ ಎಂಬ ಚರ್ಚೆ ನಡೆದಾಗ ಹಿರಿಯರು ‘ಕಾಯಕ’ ಎಂಬ ಶಬ್ದವನ್ನು ಬಳಸುತ್ತಾರೆ. ಕಿರಿಯರೂ ಅದನ್ನೇ ಬಳಸುತ್ತಾರೆ. ಹಿರಿಯರ ಬಾಯಲ್ಲಿ ಅದಕ್ಕೆ ‘ಇದ್ದುದರಲ್ಲಿಯೇ ನಿಲ್ಲು’ ಎಂಬ ಅರ್ಥ. ಕಿರಿಯರ ಬಾಯಲ್ಲಿ ‘ಮನಸ್ಸಿಗೆ ಹಿಡಿಸಿದ್ದನ್ನು ಅರಸಿಕೊಂಡು ಹೋಗು’ ಎಂಬ ಅರ್ಥ. ಇವೆರಡರಲ್ಲಿ ಯಾವುದು ಸರಿ? ಈ ಸಂದೇಹವನ್ನು ಬಗೆಹರಿಸಿಕೊಳ್ಳಲು ಇದೇ ಊರಿನಲ್ಲಿ ಬಾಳಿದ ಮಹನೀಯರೊಬ್ಬರ ಗ್ರಂಥಕಾರ್ಯವನ್ನು ವಿಮರ್ಶಕ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವಾಗಿದೆ.

ಡಾ. ಫ. ಗು. ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ಮುಂಬಯಿಯಲ್ಲಿ ವಿಜ್ಞಾನವನ್ನೂ ಕಾಯದೆಯನ್ನೂ ಓದಿದ ಹಳಕಟ್ಟಿಯವರು 1904ರಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡು, 2014ರಿಂದ ವಿಜಯಪುರವೆಂದು ಕರೆಯಲ್ಪಡುತ್ತಿರುವ ಅಂದಿನ ಬಿಜಾಪುರದಲ್ಲಿ ನೆಲೆಸಿದರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಯಲ್ಲಿಯೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಯಲ್ಲಿಯೂ ಮುಂದಾಳಾದರು. ಇವೆಲ್ಲವುಗಳ ನಡುವೆ ತಾಳೆಗರಿಗಳ ಸಂಗ್ರಹವು ಮೌನವಾಗಿ ಸಾಗಿತ್ತು. ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಬೆಳಗಾವಿಯಲ್ಲಿ ಮುದ್ರಿತವಾಗಿ 1923ರಲ್ಲಿ ಹೊರಬಂದಿತು. ಆಗ ಅವರಿಗೆ ನಾಲ್ವತ್ತಮೂರನೆಯ ವಯಸ್ಸು.

ಈ ಗ್ರಂಥದ ಹಿರಿಮೆಯನ್ನು ತಿಳಿಯಬೇಕಾದರೆ ಅದರ ಹಿಂದಿನ ಶ್ರಮದ ಸ್ವರೂಪವನ್ನು ಮೊದಲು ತಿಳಿಯಬೇಕು. ಗರಿಗಳ ಮೇಲೆ ಬರೆಹವು ಪದ ಪದಗಳ ನಡುವೆ ತೆರಪಿಲ್ಲದೆ, ವಿರಾಮಚಿಹ್ನೆಗಳಿಲ್ಲದೆ ಒಂದೇ ಸಮನೆ ಹರಿಯುತ್ತದೆ. ಒಂದು ಪ್ರತಿಯಲ್ಲಿ ಇದ್ದುದು ಇನ್ನೊಂದರಲ್ಲಿ ಇರುವುದಿಲ್ಲ. ಇದ್ದರೂ ಪಾಠ ಬೇರೆಯಾಗಿರುತ್ತದೆ. ಹುಳ ಹಿಡಿದ ಗರಿಯಲ್ಲಿ ಅರ್ಧ ಸಾಲೇ ಮಾಯವಾಗಿರುತ್ತದೆ. ವಚನವು ಯಾರದೆಂಬುದನ್ನು ಅಂಕಿತದ ಆಧಾರದಿಂದ ನಿರ್ಣಯಿಸಬೇಕು. ಹೀಗೆ ಒಂದೊಂದನ್ನೇ ಬಿಡಿಸಿ, ಹೋಲಿಸಿ, ನಕಲು ಮಾಡಿ, ವಿಷಯಾನುಸಾರವಾಗಿ ವಿಂಗಡಿಸಿದುದರ ಫಲವೇ ಈ ಗ್ರಂಥ. ಸಾಕ್ಷ್ಯಗಳನ್ನು ಒಂದರೊಡನೊಂದು ಇಟ್ಟು ತೂಗುವ ವಕೀಲರ ಅಭ್ಯಾಸವೂ, ವಸ್ತುಗಳನ್ನು ವರ್ಗೀಕರಿಸುವ ವಿಜ್ಞಾನದ ಶಿಸ್ತೂ ಇಲ್ಲಿ ಒಂದಾಗಿ ದುಡಿದಿವೆ. ಓದಿದ ವಿದ್ಯೆಯೊಂದು, ಮಾಡಿದ ಕೆಲಸವೊಂದು ಎಂದು ಕೊರಗುವವರು ಗಮನಿಸಬೇಕಾದ ಸಂಗತಿಯಿದು.

ಹಳಕಟ್ಟಿಯವರನ್ನು ಕುರಿತ ನಮ್ಮ ಭಾಷಣಗಳಲ್ಲಿಯೂ ಲೇಖನಗಳಲ್ಲಿಯೂ ಒಂದು ದೋಷ ಬೇರೂರಿದೆ. ಅವರ ಹರಿದ ಕೋಟನ್ನು, ಸೈಕಲ್ಲನ್ನು, ಮುದ್ರಣಾಲಯಕ್ಕಾಗಿ ಮನೆ ಮಾರಿದುದನ್ನು ಬಣ್ಣಿಸಿ ಕಣ್ಣೀರು ತರಿಸಿ ಮುಗಿಸುತ್ತೇವೆ. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಲು ಅವರು ಬಹಳ ತೆತ್ತರೆಂಬುದು ನಿಜ. ಆದರೆ ಬಡತನವನ್ನೇ ಅವರ ಸಾಧನೆಯೆಂಬಂತೆ ಸ್ತುತಿಸಿದರೆ, ‘ಅಂಥವರು ಮಹಾತ್ಮರು, ನಮ್ಮಿಂದಾಗದು’ ಎಂದು ಕೈಮುಗಿದು ಏಳುವುದಕ್ಕೆ ನಮಗೆ ಅನುಕೂಲವಾಗುತ್ತದೆ. ಮನೆಯನ್ನು ಮಾರುವುದು ಆದರ್ಶವಲ್ಲ. ಅದರ ಭಾರವನ್ನು ಮಡದಿ ಮಕ್ಕಳೂ ಹೊರಬೇಕಾಗುತ್ತದೆ. ಅನುಕರಣೀಯವಾದುದು ಅವರ ಕ್ರಮ. ತಮಗೆ ಯಾವ ಕೆಲಸ ಸಂತೋಷ ಕೊಟ್ಟೀತೆಂದು ಅವರು ಒಳಗೆ ಹುಡುಕುತ್ತ ಕುಳಿತವರಲ್ಲ. ಹೊರಗೆ ಹಾಳಾಗುತ್ತಿದ್ದ ಒಂದು ನಿಧಿಯನ್ನು ಕಂಡರು; ಅದನ್ನು ಉಳಿಸುವ ಹೊಣೆ ತಮ್ಮದೆಂದು ಭಾವಿಸಿದರು. ವೃತ್ತಿಯನ್ನು ಒಮ್ಮೆಲೇ ತೊರೆಯದೆ, ಅದರ ಗಳಿಕೆಯನ್ನೂ ಬಿಡುವನ್ನೂ ಈ ಹೊಣೆಗೆ ಸಲ್ಲಿಸಿದರು. ಸುಮಾರು ಎರಡು ದಶಕಗಳ ಬಳಿಕ ಗ್ರಂಥ ಬಂದಿತು. ಬದುಕಿನ ಗುರಿಯು ಮೊದಲು ಸಿಕ್ಕಿ, ಕೆಲಸವು ಆಮೇಲೆ ಆರಂಭವಾದುದಲ್ಲ. ಕೆಲಸ ಮಾಡುತ್ತ ಮಾಡುತ್ತ ಗುರಿಯು ತಿಳಿಯಾಯಿತು.

ಇನ್ನು ಗ್ರಂಥದ ಮಿತಿಯನ್ನೂ ಹೇಳಬೇಕು. ಗೌರವವು ವಿಮರ್ಶೆಗೆ ಅಡ್ಡಿಯಾಗಬಾರದು. ವಿಷಯಾನುಸಾರ ವಿಂಗಡಣೆಯಿಂದ ಶರಣತತ್ತ್ವವು ಒಂದು ಶಾಸ್ತ್ರವಾಗಿ ಕಾಣಿಸಿಕೊಂಡಿತು. ಅಂದಿನ ಓದುಗರಿಗೆ ಅದು ಅವಶ್ಯವಾಗಿಯೂ ಇತ್ತು. ಆದರೆ ಒಬ್ಬ ಶರಣರ ಮಾತುಗಳು ಹಲವು ಶೀರ್ಷಿಕೆಗಳ ಕೆಳಗೆ ಚದುರಿದವು. ಮಾತು ಉಳಿದು ಮಾತನಾಡಿದವರ ಬಾಳು ಮರೆಯಾಯಿತು. ಕರ್ನಾಟಕ ಸರಕಾರವು 1993ರಲ್ಲಿ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯವು ವಚನಕಾರರನ್ನೇ ಆಧಾರವಾಗಿಟ್ಟು ಸಂಪಾದಿತವಾದುದರಿಂದ ಈ ಕೊರತೆಯು ಬಹುಮಟ್ಟಿಗೆ ನೀಗಿತು. ಬಿಡಿ ಮಾತಿನ ಅಪಾಯಕ್ಕೆ ಕಾಯಕವನ್ನು ಕೈಲಾಸವೆಂದ ಮಾತೇ ನಿದರ್ಶನ. ಅದನ್ನು ಬಸವಣ್ಣನವರದೆಂದು ಹೇಳುವವರೇ ಹೆಚ್ಚು. ಅದು ದೊರೆಯುವುದು ಅಮರೇಶ್ವರಲಿಂಗ ಎಂಬ ಅಂಕಿತದ ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಇಂದು ಕಚೇರಿಗಳ ಗೋಡೆಗಳ ಮೇಲೆ ಅದನ್ನು ಬರೆಯಿಸಿ, ಹೆಚ್ಚು ದುಡಿಯಿರಿ ಎಂಬ ಆಜ್ಞೆಯಂತೆ ಬಳಸುವುದನ್ನು ಕಾಣುತ್ತೇವೆ. ದುಡಿಸಿಕೊಳ್ಳುವವನಿಗೆ ಇಷ್ಟು ಒಪ್ಪುವಂತೆ ಒಂದು ಮಾತು ಕೇಳಿಸತೊಡಗಿದರೆ, ಅದರ ಅರ್ಧಭಾಗ ಎಲ್ಲಿಯೋ ಕಳೆದಿದೆ ಎಂದೇ ತಿಳಿಯಬೇಕು.

ಆ ಅರ್ಧಭಾಗವನ್ನು ದೊರಕಿಸಿಕೊಟ್ಟವರೂ ಹಳಕಟ್ಟಿಯವರೇ. 1930ರಲ್ಲಿ ಅವರು ‘ಶೂನ್ಯಸಂಪಾದನೆ’ಯನ್ನು ಪ್ರಕಟಿಸಿದರು. ಅಲ್ಲಿ ಮಾರಯ್ಯನವರ ಮಾತು ಒಂದು ಮನೆಯೊಳಗಿನ ಮಾತಾಗಿ ಕೇಳಿಸುತ್ತದೆ. ಕಲ್ಯಾಣದಲ್ಲಿ ಶರಣರ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ತತ್ತ್ವಗೋಷ್ಠಿಯಲ್ಲಿ ಅವರು ಮೈಮರೆತಾಗ ಮಡದಿ ಲಕ್ಕಮ್ಮನವರು ಕಾಯಕವನ್ನು ನೆನಪಿಸಿ ಕಳುಹಿಸುತ್ತಾರೆ. ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆಕೆ ಅದನ್ನು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹೇಳುತ್ತಾರೆ. ಕೆಲಸವನ್ನು ಬಿಟ್ಟು ತತ್ತ್ವವನ್ನಾಡುವುದೂ ತಪ್ಪು, ಕೆಲಸದ ಹೆಸರಿನಲ್ಲಿ ಆಸೆಯನ್ನು ಬೆಳೆಸುವುದೂ ತಪ್ಪು. ‘ದುಡಿ’ ಎಂದ ಬಾಯೇ ‘ಸಾಕು’ ಎಂದೂ ಹೇಳುತ್ತದೆ. ಗೋಡೆಯ ಮೇಲಿನ ಬರೆಹದಲ್ಲಿ ಈ ಎರಡನೆಯ ಮಾತಿಗೆ ಸ್ಥಳವಿಲ್ಲ. ದುಡಿದುದು ದಾಸೋಹಕ್ಕೆ ಸಲ್ಲಬೇಕೆಂಬುದು ಮೂರನೆಯ ಮಾತು. ಈ ಮೂರೂ ಕೂಡಿದಾಗಲೇ ಕಾಯಕ. ಇಲ್ಲವಾದರೆ ಅದು ಬರಿಯ ಉದ್ಯೋಗ.

ಮನೆತನದ ಉದ್ಯೋಗದ ಪ್ರಶ್ನೆಗೆ ಈಗ ಮರಳಬಹುದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಮೊದಲಾದ ಹೆಸರುಗಳನ್ನು ಮುಂದಿಟ್ಟು, ಹುಟ್ಟಿನಿಂದ ಬಂದ ಕೆಲಸವೇ ಕಾಯಕವೆಂದು ವಾದಿಸುವವರಿದ್ದಾರೆ. ಈ ವಾದವು ನಿಲ್ಲುವುದಿಲ್ಲ. ನಮ್ಮ ಜಿಲ್ಲೆಯ ಬಾಗೇವಾಡಿಯಲ್ಲಿ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ಬರೆದರು. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದ ಮೋಳಿಗೆ ಮಾರಯ್ಯನವರು ಕಟ್ಟಿಗೆಯ ಹೊರೆ ಹೊತ್ತರೆಂದು ಪರಂಪರೆ ಹೇಳುತ್ತದೆ. ಶರಣರು ಹಿಡಿದ ಕೆಲಸಕ್ಕೆ ಗೌರವ ತಂದರೇ ಹೊರತು ಹುಟ್ಟಿಗೆ ಕೆಲಸವನ್ನು ಕಟ್ಟಿಹಾಕಲಿಲ್ಲ. ಆದುದರಿಂದ ಅಂಗಡಿಯನ್ನು ಬಿಟ್ಟು ಹೊರಟ ಮಗನು ಕಾಯಕಭ್ರಷ್ಟನಲ್ಲ; ಅಂಗಡಿಯಲ್ಲಿಯೇ ಉಳಿದ ಮಗನು ಹೇಡಿಯೂ ಅಲ್ಲ. ಇಬ್ಬರನ್ನೂ ಕೇಳಬೇಕಾದ ಪ್ರಶ್ನೆಗಳು ಬೇರೆ. ನೀನು ಮಾಡುವ ಕೆಲಸ ಪ್ರಾಮಾಣಿಕವೇ? ಅದರಿಂದ ಯಾರ ಕೊರತೆ ನೀಗುತ್ತದೆ? ಸಾಕು ಎನ್ನುವುದನ್ನು ಬಲ್ಲೆಯಾ? ಮಿಕ್ಕುದರಲ್ಲಿ ಪರರ ಪಾಲನ್ನು ಇಟ್ಟಿರುವೆಯಾ?

ಮನಸ್ಸಿನ ಒಲವನ್ನು ಇಲ್ಲಿ ಅಲ್ಲಗಳೆದಿಲ್ಲ. ಒಲವಿಲ್ಲದೆ ಹುಳ ಹಿಡಿದ ಗರಿಗಳ ಮುಂದೆ ವರ್ಷಗಟ್ಟಲೆ ಯಾರೂ ಕೂಡಲಾರರು. ಆದರೆ ಒಲವು ಗಟ್ಟಿಯಾಗುವುದು ಹೊಣೆಯನ್ನು ಹೊತ್ತ ಮೇಲೆ. ಹೊಣೆಯಿಲ್ಲದ ಒಲವು ಊರಿಂದ ಊರಿಗೆ, ನೌಕರಿಯಿಂದ ನೌಕರಿಗೆ ಅಲೆದು ದಣಿಯುತ್ತದೆ. ಒಲವಿಲ್ಲದ ಹೊಣೆಯೂ ಮನುಷ್ಯನನ್ನು ಒಣಗಿಸುತ್ತದೆ. ತಂದೆತಾಯಿಗಳು ಇದನ್ನು ಮರೆಯಬಾರದು.

1926ರಲ್ಲಿ ಹಳಕಟ್ಟಿಯವರು ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು ವಿಜಯಪುರದಲ್ಲಿಯೇ ಅವರು ಲಿಂಗೈಕ್ಯರಾದರು. ಸನ್ಮಾನಗಳು ಬರುವುದಕ್ಕೆ ಎಷ್ಟೋ ಮೊದಲೇ ಅವರಿಗೆ ತಮ್ಮ ಕೆಲಸವು ತಿಳಿದಿತ್ತು; ಬಂದ ಮೇಲೆಯೂ ಆ ಕೆಲಸವನ್ನು ಬಿಡಲಿಲ್ಲ. ಜೋರಾಪುರ ಪೇಟೆಯ ತರುಣ ತರುಣಿಯರು ತಮ್ಮ ಸುತ್ತಣ ಹತ್ತು ಓಣಿಗಳಲ್ಲಿ ಯಾವುದು ಹಾಳಾಗುತ್ತಿದೆ, ಯಾವುದಕ್ಕೆ ದಿಕ್ಕಿಲ್ಲ ಎಂದು ಮೊದಲು ನೋಡಲಿ. ಊರಿನಲ್ಲಿ ಉಳಿಯಬೇಕೋ ಹೊರಡಬೇಕೋ ಎಂಬುದನ್ನು ಆ ಬಳಿಕ ನಿರ್ಣಯಿಸಲಿ. ‘ವಚನಶಾಸ್ತ್ರಸಾರ’ವು ತನ್ನ ಪುಟಗಳಲ್ಲಿ ಕಲಿಸುವ ಪಾಠಗಳು ಅನೇಕ, ಅದು ಹುಟ್ಟಿಬಂದ ಬಗೆಯು ಕಲಿಸುವ ಪಾಠವು ಇದು.