ಕುಡಿತ, ಹೊಡೆತ ಮತ್ತು ನಮ್ಮ ವಿಮರ್ಶೆ

ದಲಿತ ವಿಮರ್ಶೆ ಇದುವರೆಗೆ ಊರನ್ನು ಓದಿದಷ್ಟು ಗಟ್ಟಿಯಾಗಿ ಕೇರಿಯನ್ನು ಓದಿಲ್ಲ. ಕೇರಿಯೊಳಗಿನ ಗುಡಿಸಲನ್ನಂತೂ ಬಾಗಿಲಲ್ಲೇ ನಿಂತು ನೋಡಿ ವಾಪಸು ಬಂದಿದೆ. ಭೂಮಿ, ನೀರು, ಜೀತ, ದೇವಸ್ಥಾನ ಇವುಗಳ ಬಗ್ಗೆ ನಮ್ಮಲ್ಲಿ ಮಾತಿದೆ, ಸಿದ್ಧಾಂತವಿದೆ, ಹಾಡಿದೆ. ರಾತ್ರಿ ಕುಡಿದು ಬಂದ ಗಂಡ ಹೆಂಡತಿಯ ಜುಟ್ಟು ಹಿಡಿದು ಬೀದಿಗೆ ಎಳೆಯೋದರ ಬಗ್ಗೆ ಮಾತ್ರ ನಮ್ಮಲ್ಲಿರುವುದು ಒಂದೇ ವಾಕ್ಯ: "ಏನ್ ಮಾಡೋದು, ಕುಡಿದಿದ್ದ."

ಈ ವಾಕ್ಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಇದರಲ್ಲಿ 'ಹೊಡೆದ' ಎಂಬ ಕ್ರಿಯಾಪದವೇ ಇಲ್ಲ. ಹೊಡೆದ ಕೈ ಗಂಡಸಿನದು, ಆದರೆ ಅಪರಾಧ ಸಾರಾಯಿಯದು. ಬೆಳಿಗ್ಗೆ ಅಮಲು ಇಳಿದ ಮೇಲೆ ಅವನು ಬೇರೆ ಮನುಷ್ಯ, ಹಾಗಾಗಿ ಅವನನ್ನು ಕೇಳುವಂತಿಲ್ಲ. ಇಳಿಯದೆ ಉಳಿಯುವುದು ಹೆಂಗಸಿನ ಮೈಮೇಲಿನ ಬಾಸುಂಡೆ ಮಾತ್ರ.

ಇದಕ್ಕೆ ಎರಡು ಸಿದ್ಧ ವಿವರಣೆಗಳಿವೆ. ಒಂದು ಸವರ್ಣೀಯರದ್ದು: ಆ ಜನವೇ ಹಾಗೆ, ಕುಡಿಯೋದು, ಬಡಿದಾಡೋದು. ನಮ್ಮ ಸಿನಿಮಾಗಳಲ್ಲಿ ಕೇರಿ ಎಂದರೆ ಒಂದು ಹೆಂಡದಂಗಡಿ, ಒಂದು ಜಗಳ ಎಂದು ಎಷ್ಟೋ ಸಲ ತೋರಿಸಿದ್ದಾರೆ. ಇನ್ನೊಂದು ನಮ್ಮದೇ ವಿವರಣೆ: ದಿನವೆಲ್ಲ ಗೌಡನ ಹೊಲದಲ್ಲಿ ಬೈಸಿಕೊಂಡವನು ನೋವು ಮರೆಯೋಕೆ ಕುಡೀತಾನೆ, ಕುಡಿದಾಗ ಆ ನೋವು ಹೀಗೆ ಹೊರಗೆ ಬರುತ್ತೆ. ಮೊದಲನೆಯದು ಅವಮಾನ, ಎರಡನೆಯದು ಅನುಕಂಪ. ಎರಡರಲ್ಲೂ ಪೆಟ್ಟು ತಿಂದವಳಿಗೆ ಜಾಗವಿಲ್ಲ. ಅವಳೂ ಅದೇ ಗೌಡನ ಹೊಲದಲ್ಲಿ ಬೈಸಿಕೊಂಡು, ಗಂಡನಿಗಿಂತ ಕಡಿಮೆ ಕೂಲಿ ಪಡೆದು ಬಂದವಳು. ಅವಳ ನೋವು ಯಾರ ಮೇಲೆ ಹೊರಗೆ ಬರಬೇಕು?

ಕಾರಂತರ 'ಚೋಮನ ದುಡಿ' (1933) ಕನ್ನಡದ ಓದುಗರಿಗೆಲ್ಲ ಗೊತ್ತಿರುವ ಕೃತಿ. ಚೋಮನಿಗೆ ದುಡಿಯೂ ಬೇಕು, ಕಳ್ಳೂ ಬೇಕು. ಅವನು ಕೇಳಿದ ಭೂಮಿ ಸಿಗಲಿಲ್ಲ ಎಂಬುದರ ಬಗ್ಗೆ ನಮ್ಮ ವಿಮರ್ಶೆ ಬೇಕಾದಷ್ಟು ಬರೆದಿದೆ, ಬರೆಯಬೇಕಾದ್ದೇ. ಆದರೆ ಮನೆಯ ಸಾಲ ತೀರಿಸೋಕೆ ತೋಟಕ್ಕೆ ಹೋದವಳು ಮಗಳು ಬೆಳ್ಳಿ. ಆ ಸಾಲ ವಜಾ ಆದದ್ದು ಮನ್ವೇಲ ಅವಳನ್ನು ಬಳಸಿಕೊಂಡ ಮೇಲೆ. ಬಿ.ವಿ. ಕಾರಂತರು ತೆಗೆದ 1975ರ ಸಿನಿಮಾದಲ್ಲಿ ಬೆಳ್ಳಿಯನ್ನು ಮನ್ವೇಲನ ಜೊತೆ ಕಂಡಾಗ ಚೋಮನ ಕೈ ಬೀಳುವುದು ಬೆಳ್ಳಿಯ ಮೇಲೆ. ಅವಳನ್ನೇ ಹೊಡೆದು ಮನೆಯಿಂದ ಹೊರಗೆ ಹಾಕುತ್ತಾನೆ. ಆಮೇಲೆ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾನೆ. ನಾವು ಆ ದುಡಿಯ ಸದ್ದನ್ನು ಕೇಳಿ ಕಣ್ಣೀರು ಹಾಕಿದೆವು. ಹೊರಗೆ ನಿಂತ ಬೆಳ್ಳಿ ಎಲ್ಲಿಗೆ ಹೋದಳು ಅಂತ ಕೇಳಲಿಲ್ಲ. ಒಡೆಯನ ಮುಂದೆ ಎತ್ತಲಾಗದ ಕೈ ಮಗಳ ಮೇಲೆ ಏಳುತ್ತದೆ ಎಂಬುದು ಆ ಕಥೆಯ ಒಳಗೇ ಇರುವ ಸತ್ಯ. ಅದನ್ನು ಚೋಮನ ದುರಂತದ ಭಾಗ ಎಂದು ಓದಿದೆವೇ ಹೊರತು ಬೆಳ್ಳಿಯ ದುರಂತ ಎಂದು ಓದಲಿಲ್ಲ.

ಇಲ್ಲಿಯೇ ನನ್ನ ಮುಖ್ಯ ವಾದ ಇರುವುದು. ಅಮಲಿನಲ್ಲಿ ಬುದ್ಧಿ ಪೂರ್ತಿ ಹೋಗುತ್ತದೆ ಎನ್ನುವುದಾದರೆ, ಕುಡಿದವನು ಎದುರಿಗೆ ಸಿಕ್ಕ ಯಾರಿಗೆ ಬೇಕಾದರೂ ಹೊಡೆಯಬೇಕಿತ್ತು. ಹಾಗಾಗುವುದಿಲ್ಲ. ದಾರಿಯಲ್ಲಿ ಗೌಡ ಸಿಕ್ಕರೆ ತೂರಾಡುತ್ತಲೇ ಟವೆಲ್ಲು ಹೆಗಲಿನಿಂದ ತೆಗೀತಾನೆ. ಪೊಲೀಸಿನವನು ಸಿಕ್ಕರೆ "ಬುದ್ಧೀ" ಅಂತಾನೆ. ಮನೆ ಬಾಗಿಲು ದಾಟಿದ ಮೇಲೇ ಅವನ ಕೈ ಏಳುವುದು. ಯಾರಿಗೆ ಹೊಡೆದರೆ ತಿರುಗಿ ಕೇಳೋರಿಲ್ಲ ಎಂಬ ಲೆಕ್ಕ ಅಮಲಿನಲ್ಲೂ ತಪ್ಪುವುದಿಲ್ಲ.

ಹಾಗಾದರೆ ಕುಡಿತಕ್ಕೂ ಹೊಡೆತಕ್ಕೂ ಸಂಬಂಧವೇ ಇಲ್ಲವೇ? ಇದೆ, ಬಹಳ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಗಂಡ ಆಗಾಗ ಕುಡಿದು ಅಮಲಾಗುವ ಮನೆಗಳಲ್ಲಿ ನೂರಕ್ಕೆ ಸುಮಾರು 70 ಹೆಂಗಸರು ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಗಂಡ ಕುಡಿಯದ ಮನೆಗಳಲ್ಲಿ ಇದು ಸುಮಾರು 23. ಮೊದಲ ಸಂಖ್ಯೆಯನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದನ್ನೂ ಓದಿ: ಒಂದು ಹನಿ ಕುಡಿಯದ ಗಂಡಸರ ಮನೆಯಲ್ಲೂ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬಳಿಗೆ ಪೆಟ್ಟು ಬಿದ್ದಿದೆ. ಅದೇ ಸಮೀಕ್ಷೆಯಲ್ಲಿ ಗಂಡನ ಹಿಂಸೆಯಲ್ಲಿ ದೇಶದಲ್ಲೇ ಮುಂದಿದ್ದದ್ದು ಕರ್ನಾಟಕ, ಶೇಕಡಾ 44. ಕುಡಿಯುವ ಗಂಡಸರ ಪ್ರಮಾಣದಲ್ಲಿ ಮಾತ್ರ ನಾವು ಪಕ್ಕದ ತೆಲಂಗಾಣಕ್ಕಿಂತ ಬಹಳ ಕೆಳಗಿದ್ದೇವೆ. ಕುಡಿತ ಹೊಡೆತವನ್ನು ಹೆಚ್ಚು ಮಾಡುತ್ತದೆ, ಕೈಗೆ ಧೈರ್ಯ ಕೊಡುತ್ತದೆ, ಬಟವಾಡೆಯ ದಿನ ಕೂಲಿ ಹಣಕ್ಕೆ ಜಗಳ ಹುಟ್ಟಿಸುತ್ತದೆ. ಆದರೆ ಹೆಂಡತಿಗೆ ಹೊಡೆಯಬಹುದು ಎಂಬ ಪರವಾನಗಿಯನ್ನು ಯಾವ ಸಾರಾಯಿ ಅಂಗಡಿಯೂ ಕೊಡುವುದಿಲ್ಲ. ಅದನ್ನು ಗಂಡಸು ಕುಡಿಯುವ ಮೊದಲೇ ಪಡೆದಿರುತ್ತಾನೆ. ಈ ಪರವಾನಗಿ ಕೇರಿಯದ್ದು ಮಾತ್ರವೂ ಅಲ್ಲ. ಅಗ್ರಹಾರದ ಗೋಡೆ ದಪ್ಪ, ಕೂಗು ಹೊರಗೆ ಕೇಳುವುದಿಲ್ಲ ಅಷ್ಟೆ.

ಈ ಸತ್ಯವನ್ನು ವಿಮರ್ಶಕರಿಗಿಂತ ಮೊದಲೇ ಬರೆದವರು ದಲಿತ ಹೆಂಗಸರು. ತಮಿಳಿನ ಬಾಮಾ ಅವರ 'ಸಂಗತಿ' (1994) ಕೃತಿಯಲ್ಲಿ ಮರಿಯಮ್ಮ ಎಂಬ ಹುಡುಗಿಯ ಮೇಲೆ ಜಮೀನ್ದಾರ ಕೈ ಹಾಕುತ್ತಾನೆ. ಅವಳು ತಪ್ಪಿಸಿಕೊಂಡು ಬಂದರೆ ಅವನೇ ಮೊದಲು ದೂರು ಹೇಳುತ್ತಾನೆ. ಕೇರಿಯ ಪಂಚಾಯ್ತಿ ದಂಡ ಹಾಕುವುದು ಅವಳಿಗೆ, ಅದೂ ಗಂಡಸಿಗೆ ಹಾಕಿದ್ದಕ್ಕಿಂತ ಹೆಚ್ಚು. ಕೊನೆಗೆ ಯಾರ ಜೊತೆ ಹೆಸರು ಕಟ್ಟಿದರೋ ಆ ಮಾಣಿಕ್ಕಂಗೇ ಮದುವೆ ಮಾಡುತ್ತಾರೆ, ಆಮೇಲೆ ಅವನಿಂದ ಪೆಟ್ಟು. ಜಮೀನ್ದಾರ, ಪಂಚಾಯ್ತಿ, ಗಂಡ: ಮೂವರೂ ಒಂದೇ ಸರಪಳಿಯ ಕೊಂಡಿಗಳು. ಅದೇ ಕೃತಿಯ ರಾಕ್ಕಮ್ಮ ಗಂಡ ಹೊಡೆಯಲು ಬಂದಾಗ ಬೀದಿಗೆ ಬಂದು ಬಾಯಿಗೆ ಬಂದಂತೆ ಬೈದು, ನೆರೆದವರ ಮುಂದೆ ಸೀರೆ ಎತ್ತುತ್ತಾಳೆ. ಹೀಗೆ ಮಾಡದಿದ್ದರೆ ಅವನು ತನ್ನ ತಲೆ ಒಡೆಯುತ್ತಿದ್ದ ಎಂಬುದು ಅವಳ ಸಮರ್ಥನೆ. ಇದನ್ನು ನಾನು ತರಗತಿಯಲ್ಲಿ ಹೇಳಿದಾಗ ಹುಡುಗರು ತಲೆ ತಗ್ಗಿಸಿದರು. ಒಬ್ಬಳು ಹುಡುಗಿ "ಸಾರ್, ನಮ್ ಚಿಕ್ಕಮ್ಮನೂ ಹಿಂಗೇ ಬೈಯೋದು, ಅದುಕ್ಕೇ ಬದುಕವಳೆ" ಅಂದಳು. ನಮ್ಮ ವಿಮರ್ಶೆ 'ದಲಿತ ಭಾಷೆಯ ಕಸುವು' ಎಂದು ಹೊಗಳುವ ಬೈಗುಳಕ್ಕೆ ಇಂಥ ಒಂದು ಉಪಯೋಗವೂ ಇದೆ.

ಮರಾಠಿಯ ಬೇಬಿ ಕಾಂಬ್ಳೆ ತಮ್ಮ ಆತ್ಮಕಥೆಯನ್ನು (1986) ಗಂಡನ ಕಣ್ಣಿಗೆ ಬೀಳದಂತೆ ಸುಮಾರು ಇಪ್ಪತ್ತು ವರ್ಷ ಬಚ್ಚಿಟ್ಟಿದ್ದರು. ಇಡೀ ಮಹಾರ್ ಸಮುದಾಯದ ಹೆಂಗಸರ ಪಾಡನ್ನು ಬರೆದ ಅವರು ತಾವು ತಿಂದ ಪೆಟ್ಟನ್ನು ಅದರಲ್ಲಿ ಬರೆಯಲಿಲ್ಲ. ಮುಂದೆ ಸಂದರ್ಶನದಲ್ಲಿ ಕೇಳಿದಾಗ ಹೇಳಿದರು. ಈ ಮೌನಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮನೆಯ ಮಾತು ಹೊರಗೆ ಬಂದರೆ ಊರಿನವರ ಬಾಯಿಗೆ ಅಕ್ಕಿಕಾಳು ಹಾಕಿದಂತೆ ಎಂದು ಚಳವಳಿಯಲ್ಲಿ ನಾವೂ ಹೇಳುತ್ತೇವೆ. ಭಯ ಸುಳ್ಳಲ್ಲ. ಆದರೆ ಸಮುದಾಯದ ಮರ್ಯಾದೆಯ ಖರ್ಚನ್ನೆಲ್ಲ ಹೆಂಗಸಿನ ಮೈಯೇ ಯಾಕೆ ಭರಿಸಬೇಕು? ದಲಿತ ಹೆಂಗಸರು ಬೇರೆಯಾಗಿ ಮಾತಾಡುತ್ತಾರೆ ಎಂದು ಗೋಪಾಲ ಗುರು 1995ರಲ್ಲಿ ಬರೆದರು. ಮೇಲ್ಜಾತಿ ಸ್ತ್ರೀವಾದದಲ್ಲೂ ದಲಿತ ಗಂಡಸರ ನಾಯಕತ್ವದಲ್ಲೂ ಅವರ ಮಾತಿಗೆ ಜಾಗವಿಲ್ಲದ್ದನ್ನು ಅವರು ತೋರಿಸಿದರು.

ಇನ್ನು ಸರ್ಕಾರ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಿಂದ ಹಬ್ಬಿದ ಚಳವಳಿಯಲ್ಲಿ ಹೆಂಗಸರು ಅಂಗಡಿಗಳನ್ನು ಮುಚ್ಚಿಸಿದರು, ಸಾರಾಯಿ ಹರಾಜನ್ನೇ ತಡೆದರು. ಸಾರಾಯಿ ಸುಮ್ಮನೆ ಕೇರಿಗೆ ಬರುವುದಿಲ್ಲ, ಅದನ್ನು ತರುವವರಿದ್ದಾರೆ ಎಂದು ಅವರಿಗೆ ಗೊತ್ತಿತ್ತು. ಆಂಧ್ರದಲ್ಲಿ 1993ರಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಪೂರ್ಣ ಪಾನನಿಷೇಧ ಬಂತು, 1997ರಲ್ಲಿ ಅದು ಹೋಯಿತು. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಮುಂದಿನ ವರ್ಷವೇ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಬಡವರು ಸತ್ತರು. ಈಗ ಹಳ್ಳಿಯ ಕಿರಾಣಿ ಅಂಗಡಿಯಲ್ಲೇ 90 ಎಂಎಲ್ ಪ್ಯಾಕೆಟ್ಟು ಸಿಗುತ್ತದೆ. ರಾಜ್ಯದ ಅಬಕಾರಿ ಆದಾಯ 2023–24ರಲ್ಲಿ ಮೂವತ್ತು ಸಾವಿರ ಕೋಟಿ ರೂಪಾಯಿ ದಾಟಿತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸಾವಿರಾರು ಹೆಂಗಸರಿಗೆ ಸಿಕ್ಕಿದ್ದು ಭರವಸೆ ಮಾತ್ರ. ಆದ್ದರಿಂದ ಕುಡಿತ ಗಂಡಸಿನ ಸ್ವಂತ ಚಟ ಎಂದು ಹೇಳಿ ಸರ್ಕಾರವನ್ನು ಬಿಡುವಂತಿಲ್ಲ. ಸರ್ಕಾರವನ್ನು ತೋರಿಸಿ ಗಂಡಸನ್ನೂ ಬಿಡುವಂತಿಲ್ಲ.

ಅಂಬೇಡ್ಕರ್ ಇವೆರಡನ್ನೂ ಬಿಡಲಿಲ್ಲ. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಹೆಂಗಸರನ್ನು ಉದ್ದೇಶಿಸಿ ಮಾತಾಡುತ್ತಾ, ಕುಡಿದು ಬರುವ ಗಂಡನಿಗೂ ಮಗನಿಗೂ ಊಟ ಹಾಕಬೇಡಿ ಎಂದರು. ಕೆರೆಯ ನೀರಿನ ಹಕ್ಕಿಗೆ ನಡೆದ ಹೋರಾಟದ ವೇದಿಕೆಯಲ್ಲೇ ಈ ಮಾತೂ ಬಂತು ಎಂಬುದನ್ನು ಗಮನಿಸಬೇಕು. ಮೊದಲು ಕೆರೆ, ಮನೆಯದು ಆಮೇಲೆ ಎಂದು ಅವರು ಸರದಿ ಹಚ್ಚಲಿಲ್ಲ. ಕುಡುಕನನ್ನು ಅವನ ಕುಡಿತಕ್ಕೆ ಹೊಣೆಗಾರನನ್ನಾಗಿ ಮಾಡಿದರು, ಅವನನ್ನು ತಡೆಯುವ ಅಧಿಕಾರವನ್ನು ಹೆಂಗಸಿನ ಕೈಗೆ ಕೊಟ್ಟರು.

ನಮ್ಮ ಕೇರಿಯಲ್ಲಿ ಹಿಂದೆ ಹೆಂಡತಿಗೆ ಹೊಡೆದವನಿಗೆ ನ್ಯಾಯ ಸೇರಿಸಿ ದಂಡ ಹಾಕುತ್ತಿದ್ದರಂತೆ, ಆ ದಂಡದ ದುಡ್ಡಿನಲ್ಲೇ ನ್ಯಾಯ ಹೇಳಿದವರು ಕುಡಿಯುತ್ತಿದ್ದರಂತೆ. ನಮ್ಮಜ್ಜಿ ಇದನ್ನು ನಗ್ತಾ ಹೇಳೋಳು. ನಮ್ಮ ವಿಮರ್ಶೆ ಆ ನ್ಯಾಯದ ಕಟ್ಟೆಯಾಗಬಾರದು. ಇನ್ನು ಮೇಲೆ ಒಂದು ಕತೆಯಲ್ಲೋ ಆತ್ಮಕಥೆಯಲ್ಲೋ ಅಪ್ಪ ಕುಡಿದು ಬಂದಾಗ, ಅವನು ಯಾಕೆ ಕುಡಿದ ಎಂಬಲ್ಲಿಗೆ ನಿಲ್ಲದೆ, ಅವ್ವ ಆ ರಾತ್ರಿ ಎಲ್ಲಿ ಮಲಗಿದಳು, ಬೆಳಿಗ್ಗೆ ಯಾರ ಹೊಲಕ್ಕೆ ಹೋದಳು, ಇದನ್ನು ಯಾರ ಮುಂದೆ ಹೇಳಿಕೊಂಡಳು ಎಂದು ಕೇಳಬೇಕು. ಈ ವಿಶೇಷಾಂಕದಲ್ಲಿ ಬರೆಯುವ ನಾವು ಹೆಚ್ಚಿನವರು ಗಂಡಸರು. ಉತ್ತರ ಹೇಳಬೇಕಾದವರು ಹೆಂಗಸರು. ಅವರು ಹೇಳುವಾಗ ಮಧ್ಯೆ ಬಾಯಿ ಹಾಕಿ "ಕುಡಿದಿದ್ದ" ಎನ್ನದೆ ಇರುವುದನ್ನು ಮೊದಲು ಕಲಿಯೋಣ.